ನಾನು ಕೂತಿರಲಿಲ್ಲ

ನಮ್ಮ ತರಗತಿಯಲ್ಲಿ ಪಾಠದ ಬಗ್ಗೆ ಅಭಿಪ್ರಾಯ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ತೊಟ್ಟಿಲಿನ ಬಗ್ಗೆ ಕೇಳಿ ನೋಡಿ, ಗಂಟೆ ಬಾರಿಸಿದರೂ ಮಾತು ಮುಗಿಯುವುದಿಲ್ಲ.

ಸಿಂಧನೂರಿನವರಾದ ನಮಗೆ ಅಂಬಾಮಠದ ಜಾತ್ರೆಯೇ ದೊಡ್ಡದು. ಮಸ್ಕಿಯಿಂದ ಬಸ್ಸಿಗೆ ಬರುವವರು ತಮ್ಮ ಮಲ್ಲಿಕಾರ್ಜುನ ಜಾತ್ರೆಯನ್ನು ಬಿಟ್ಟುಕೊಡುವುದಿಲ್ಲ. ಲಿಂಗಸುಗೂರು ಕಡೆಯವರಿಗೆ ಗುರುಗುಂಟಾ ಅಮರೇಶ್ವರ ಜಾತ್ರೆಯ ಮುಂದೆ ಉಳಿದದ್ದೆಲ್ಲ ಸಣ್ಣದು. ಲಾರಿಯಲ್ಲಿ ಕಬ್ಬಿಣದ ತುಂಡುಗಳಾಗಿ ಬರುವ ಜೈಂಟ್ ವೀಲ್, ಕೊಲಂಬಸ್ ದೋಣಿ, ಬ್ರೇಕ್ ಡ್ಯಾನ್ಸ್ ಕೆಲವೇ ದಿನಗಳಲ್ಲಿ ಬಯಲಿನಲ್ಲಿ ಎದ್ದು ನಿಲ್ಲುತ್ತವೆ. "ಈ ಸಲ ಹೊಸಾದು ಏನು ಬಂದೈತಿ?" ಎಂಬುದೇ ಮೊದಲ ಪ್ರಶ್ನೆ. ಕಳೆದ ಸಲದ ದೋಣಿ ಹೆಚ್ಚು ಎತ್ತರಕ್ಕೆ ಹೋಗಿತ್ತು ಎಂದು ಒಬ್ಬಳು, ಈ ಸಲ ಸುತ್ತು ಕಡಿಮೆ ಮಾಡಿದ್ದಾರೆ ಎಂದು ಇನ್ನೊಬ್ಬಳು. ಸಾವಿನ ಬಾವಿಯಲ್ಲಿ ಕೈ ಬಿಟ್ಟು ಬೈಕ್ ಓಡಿಸಿದವನ ವಿಷಯ ಬಂದರೆ ಮಾತ್ರ ಎಲ್ಲರೂ ಒಂದಾಗುತ್ತೇವೆ.

ಹೀಗಿರುವಾಗ ಹೈದರಾಬಾದಿನ ವಂಡರ್‌ಲಾಗೆ ಪ್ರವಾಸ ಎಂದು ಸುತ್ತೋಲೆ ಬಂತು. ವಂಡರ್‌ಲಾದವರು 2000ದಲ್ಲಿ ಕೊಚ್ಚಿಯಲ್ಲಿ ಆರಂಭಿಸಿ, 2005ರಲ್ಲಿ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ, 2016ರಲ್ಲಿ ಹೈದರಾಬಾದಿನಲ್ಲಿ ಪಾರ್ಕ್ ತೆರೆದಿದ್ದಾರೆ. ನಮ್ಮ ಊರುಗಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಸುತ್ತೋಲೆ ಬಂದ ದಿನದಿಂದ ನಾನು ತರಗತಿಯ ತಜ್ಞೆಯಾದೆ. ಅಬ್ಬಾನ ಮೊಬೈಲಿನಲ್ಲಿ ಒಂದೊಂದು ರೈಡಿನ ವಿಡಿಯೋ ಹತ್ತು ಸಲ ನೋಡಿದ್ದೆ. "ರಿಕಾಯಿಲ್ ಮುಂದೆ ಉಳಿದದ್ದೆಲ್ಲ ಮಕ್ಕಳ ಆಟ. ಅದರಲ್ಲಿ ಕೂರದಿದ್ದರೆ ಹೋಗಿಯೂ ಹೋಗದ ಹಾಗೆ" ಎಂದು ಹೇಳಿಬಿಟ್ಟೆ. ಹಟ್ಟಿಯಿಂದ ಬರುವ ಗೆಳತಿ ಮಾತ್ರ ನಕ್ಕಳು. ಅವಳ ತಂದೆ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾರೆ. "ನಮ್ಮಪ್ಪ ದಿನಾ ಕೇಜ್‌ನಾಗ ನಿಂತು ನೆಲದೊಳಗ ಇಳಿತಾನ. ಒಂದಿನಾನೂ ಚೀರಿಲ್ಲ. ನೀವು ರೊಕ್ಕ ಕೊಟ್ಟು ಚೀರಾಕ ಹೊಂಟೀರಿ" ಎಂದಳು.

ರಾತ್ರಿ ಮೂರಕ್ಕೆ ಹೊರಟ ಬಸ್ಸು ಶಕ್ತಿನಗರದ ಹತ್ತಿರ ಕೃಷ್ಣೆ ದಾಟುವಾಗ ಬೆಳಕು ಹರಿಯುತ್ತಿತ್ತು. ಅಲ್ಲಿಯವರೆಗೂ ನನಗೆ ಧೈರ್ಯವಿತ್ತು. ಪಾರ್ಕಿನೊಳಗೆ ಹೋಗಿ ರಿಕಾಯಿಲ್ ಕೆಳಗೆ ನಿಂತು ತಲೆ ಎತ್ತಿದಾಗ ಹೋಯಿತು.

ಅದು ಹೀಗೆ ನಡೆಯುತ್ತದೆ. ಜನ ಕೂತ ಗಾಡಿಯನ್ನು ಮೊದಲು ಹಿಂದಕ್ಕೆ, ಕಡಿದಾದ ಹಳಿಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ತುದಿಯಲ್ಲಿ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಬಿಡುತ್ತಾರೆ. ಗಾಡಿ ಧಡಧಡನೆ ಇಳಿದು, ತಲೆಕೆಳಗಾಗಿ ಸುತ್ತಿ, ಆ ಕಡೆಯ ಏರಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ಎಲ್ಲವೂ. ವಿಡಿಯೋದಲ್ಲಿ ಎಲ್ಲ ಗೊತ್ತಾಗಿತ್ತು. ಹಳಿ ನಡುಗುವ ಸದ್ದು ಎದೆಯೊಳಗೆ ಕೇಳಿಸುತ್ತದೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ಸಾಲು ಮುಂದೆ ಸರಿಯಿತು. ನಾನು ಸರಿಯಲಿಲ್ಲ. "ಬ್ಯಾಗ್ ಯಾರಾದರೂ ಹಿಡಿಬೇಕಲ್ಲ" ಎಂದು ಒಂಬತ್ತು ಬ್ಯಾಗುಗಳೊಂದಿಗೆ ಎದುರಿನ ಬೆಂಚಿನಲ್ಲಿ ಕೂತೆ. ಹಟ್ಟಿಯವಳು ಕೂತು ಬಂದಳು, ಚೀರಿ ಚೀರಿ ದನಿ ಹೋಗಿತ್ತು. "ಅಪ್ಪಗ ಹೇಳಬ್ಯಾಡ" ಎಂದಳು.

ಮರಳಿ ಬರುವಾಗ ಬಸ್ಸಿನಲ್ಲಿ ಮತ್ತೆ ಅಭಿಪ್ರಾಯಗಳ ಸುರಿಮಳೆ. "ನೀನು ತಜ್ಞೆ, ಕೂತೇ ಇಲ್ಲಲ್ಲ?" ಎಂದು ಯಾರೋ ಕೇಳಿದರು. "ನೀವು ಅಲೆಗಳ ಕೊಳಕ್ಕೆ ಹೋದಾಗ ಎರಡನೇ ಗುಂಪಿನ ಜೊತೆ ಕೂತೆ. ಸಖತ್ತಾಗಿತ್ತು, ಹೆದರುವಂಥದ್ದು ಏನೂ ಇಲ್ಲ" ಎಂದೆ. ಕತ್ತಲಿತ್ತು, ನನ್ನ ಮುಖ ಯಾರಿಗೂ ಕಾಣಲಿಲ್ಲ. ಮರುದಿನ ಕಾಲೇಜಿನಲ್ಲೂ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನು ನಿಜವಾಗಿ ಕೂತಿದ್ದೆನೇನೋ ಅನ್ನಿಸತೊಡಗಿತು.

ಎರಡು ವಾರದ ನಂತರ ಪ್ರಥಮ ಪಿಯುಸಿಯ ಒಬ್ಬಳು ಲೈಬ್ರರಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. ಅವರ ಪ್ರವಾಸ ಮುಂದಿನ ವಾರವಿತ್ತು. ಅವಳ ಹೆಸರು ಬರೆಯುವುದಿಲ್ಲ. ಇಷ್ಟನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.

"ಆಪಾ, ನೀವು ಕುಂತಿದ್ರಂತಲ್ಲ. ಅಂಜುವಂಥಾದ್ದು ಏನೂ ಇಲ್ಲಂದ್ರಿ, ಅದಕ್ಕ ನಾನೂ ಕುಂದರಬೇಕಂತ ಮಾಡೀನಿ."

"ಕುಂದರು" ಎಂದೆ, ತಜ್ಞೆಯ ಗತ್ತಿನಲ್ಲಿ.

ಅವಳು ದನಿ ತಗ್ಗಿಸಿದಳು. "ಸಣ್ಣಾಕಿ ಇದ್ದಾಗ ನನ್ನ ಎದೀದು ಆಪರೇಷನ್ ಆಗೇತ್ರಿ. ಮೇಡಂಗೆ ಗೊತ್ತಿಲ್ಲ. ಗೊತ್ತಾದ್ರ ಬಿಡೂದಿಲ್ಲ. ಒಂದ್ಸಲ ಕುಂತ್ರ ಏನೂ ಆಗಂಗಿಲ್ಲ ಅಲ್ರಿ?"

ನನ್ನ ಬಾಯಿ ಒಣಗಿತು. ಬೆಂಚಿನಲ್ಲಿ ಕೂತಾಗ ಎದುರಿಗಿದ್ದ ಎಚ್ಚರಿಕೆಯ ಫಲಕವನ್ನು ನಾನು ಓದಿದ್ದೆ, ಅದೂ ಹಲವು ಸಲ, ಓದಲು ಬೇರೇನೂ ಇರಲಿಲ್ಲವಲ್ಲ. ಹೃದಯದ ತೊಂದರೆ ಇರುವವರು ಕೂರಬಾರದು ಎಂದು ಅದರಲ್ಲಿತ್ತು. ಯಾಕೆ ಎಂಬುದನ್ನು ಭೌತಶಾಸ್ತ್ರದ ಸರ್ ಮುಂಚೆಯೇ ಬೋರ್ಡಿನ ಮೇಲೆ ಬರೆದಿದ್ದರು. ಪೂರ್ತಿ ವೃತ್ತಾಕಾರದ ಲೂಪಿನಲ್ಲಿ, ಮೇಲ್ತುದಿಯನ್ನು ದಾಟಲು ಬೇಕಾದಷ್ಟೇ ವೇಗವಿದ್ದರೂ, ಕೆಳಗೆ ಬಂದಾಗ ಆಸನ ನಮ್ಮನ್ನು ನಮ್ಮ ತೂಕದ 6 ಪಟ್ಟು ಬಲದಿಂದ ಒತ್ತುತ್ತದೆ. ಅದಕ್ಕೇ ರೋಲರ್ ಕೋಸ್ಟರಿನ ಲೂಪುಗಳನ್ನು ನೀರಿನ ಹನಿಯ ಆಕಾರದಲ್ಲಿ, ಮೇಲೆ ಕಿರಿದು ಕೆಳಗೆ ಅಗಲ ಮಾಡಿ, ಆ ಒತ್ತಡ ಕಡಿಮೆಯಾಗುವಂತೆ ಕಟ್ಟುತ್ತಾರೆ. ಕಡಿಮೆ ಎಂದರೂ ತೂಕದ ಹಲವು ಪಟ್ಟು. ಆ ಹೊತ್ತಿನಲ್ಲಿ ರಕ್ತವೂ ಅಷ್ಟೇ ಭಾರ. ಅದನ್ನು ಮೆದುಳಿಗೆ ಎತ್ತಬೇಕಾದದ್ದು ಹೃದಯ. ಪರೀಕ್ಷೆಗೆ ಇದನ್ನೆಲ್ಲ ಬರೆದು ಅಂಕ ತೆಗೆದುಕೊಂಡ ನಾನು, ಇವಳಿಗೆ "ಕುಂದರು" ಎಂದಿದ್ದೆ. ಕೂತು ನೋಡಿ ಹೇಳಿದ್ದೂ ಅಲ್ಲ.

"ನಾನು ಕೂತಿಲ್ಲ" ಎಂದೆ.

"ಹ್ಞಾಂ?"

"ನನಗೆ ಹೆದರಿಕೆಯಾಯಿತು. ಬ್ಯಾಗ್ ಹಿಡಿದು ಕೂತಿದ್ದೆ. ಎಲ್ಲರಿಗೂ ಸುಳ್ಳು ಹೇಳಿದೀನಿ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಆದರೆ ಮುಖ ಸಣ್ಣದಾಯಿತು. ಎಲ್ಲರೂ ಮಾಡುವುದನ್ನು ಒಮ್ಮೆಯಾದರೂ ಮಾಡಬೇಕೆಂಬ ಆಸೆ ಅವಳದು. ಆ ಆಸೆಗೆ ನನ್ನ ಸುಳ್ಳು ಆಸರೆಯಾಗಿತ್ತು, ಅದನ್ನೂ ನಾನೇ ಕಿತ್ತುಕೊಂಡೆ. ಇಬ್ಬರೂ ಸೇರಿ ಮೇಡಂ ಹತ್ತಿರ ಹೋದೆವು. ಮೇಡಂ ಗದರಲಿಲ್ಲ. ಅವಳ ಅಮ್ಮಿಗೆ ಫೋನ್ ಮಾಡಿ, ಡಾಕ್ಟರನ್ನು ಕೇಳಿಕೊಂಡು ಬರಲು ಹೇಳಿದರು. ಪ್ರವಾಸಕ್ಕೆ ಹೋಗಬಹುದು, ಜೋರಾದ ರೈಡುಗಳು ಬೇಡ ಎಂದು ಡಾಕ್ಟರ್ ಹೇಳಿದರಂತೆ.

ಅದೇ ದಿನ ನನ್ನ ತರಗತಿಯಲ್ಲೂ ನಿಜ ಹೇಳಿದೆ. ಎರಡು ನಿಮಿಷ ಎಲ್ಲರೂ ಹಾಡಿಕೊಂಡು ನಕ್ಕರು. ಹಟ್ಟಿಯವಳು, "ನಂಗ ಅವತ್ತೇ ಗೊತ್ತಿತ್ತು. ನನ್ನ ಬ್ಯಾಗಿನಾಗಿದ್ದ ಶೇಂಗಾ ಚಿಕ್ಕಿ ಪೂರಾ ಖಾಲಿ ಆಗಿತ್ತು" ಎಂದಳು.

ಈ ಸಂಚಿಕೆಗೆ ಪ್ರವಾಸದ ಬಗ್ಗೆ ಅಭಿಪ್ರಾಯ ಬರೆದುಕೊಡು ಎಂದಿದ್ದರು. ಕೂತು, ನಿಂತು ನೋಡಿದ್ದನ್ನಷ್ಟೇ ಬರೆಯುತ್ತೇನೆ. ಡಿಕ್ಕಿ ಹೊಡೆಯುವ ಕಾರು ಚೆನ್ನಾಗಿದೆ, ಆದರೆ ಬೇಗ ಮುಗಿಯುತ್ತದೆ. ಅಲೆಗಳ ಕೊಳ ಎಲ್ಲಕ್ಕಿಂತ ಇಷ್ಟವಾಯಿತು. ಸಮುದ್ರವಿಲ್ಲದ ಜಿಲ್ಲೆಯವರು ನಾವು, ಮೊದಲ ಅಲೆ ಕಾಲಿಗೆ ಬಡಿದಾಗ ಹತ್ತು ಹುಡುಗಿಯರು ಒಟ್ಟಿಗೆ ಕೂಗಿದ ಸದ್ದು ಈಗಲೂ ಕಿವಿಯಲ್ಲಿದೆ. ರಿಕಾಯಿಲ್ ಬಗ್ಗೆ: ಬೆಂಚಿನಿಂದ ನೋಡಲು ಚೆನ್ನಾಗಿದೆ. ಹೊರಡುವ ಮುನ್ನ ಅಲ್ಲಿಯ ಸಿಬ್ಬಂದಿ ಪ್ರತಿಯೊಬ್ಬರ ಭುಜದ ಪಟ್ಟಿಯನ್ನು ಕೈಯಿಂದ ಎಳೆದು ನೋಡುತ್ತಾರೆ. ಕೂತವರು ಮೇಲಿನ ಆಕಾಶ ನೋಡುತ್ತಿರುತ್ತಾರೆ, ಆ ಕೈ ಕಾಣುವುದು ಕೆಳಗಿರುವವರಿಗೆ.

ಪ್ರಥಮ ಪಿಯುಸಿಯವರು ಕಳೆದ ಶನಿವಾರ ಹೋಗಿ ಬಂದರು. ಸೋಮವಾರ ಅವಳು ನನ್ನನ್ನು ಹುಡುಕಿಕೊಂಡು ಬಂದಳು.

"ಅದೇ ಬೆಂಚಿನ್ಯಾಗ ಕುಂತಿದ್ದೆ ಆಪಾ" ಎಂದಳು. "ಹನ್ನೊಂದು ಬ್ಯಾಗ್. ನಿಮಗಿಂತ ಎರಡು ಜಾಸ್ತಿ."

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ