ಕಣ್ಣಿಲ್ಲದ ಕಾಗೆ

ಚೀನೀ ಭಾಷೆ ನನಗೆ ಬಾರದು. ಅದರ ಅಕ್ಷರಗಳನ್ನು ನೋಡುತ್ತ ಕೂಡುವ ಚಪಲ ಮಾತ್ರ ಉಂಟು. ಆ ಲಿಪಿಯಲ್ಲಿ ಹಕ್ಕಿಗೆ ಒಂದು ಅಕ್ಷರವಿದೆ. ಅದರ ತಲೆಯೊಳಗಿನ ಒಂದೇ ಒಂದು ಗೆರೆಯನ್ನು ತೆಗೆದುಬಿಟ್ಟರೆ ಹಕ್ಕಿ ಹೋಗಿ ಕಾಗೆಯಾಗುತ್ತದೆ. ತೆಗೆದ ಗೆರೆ ಕಣ್ಣಂತೆ! ಕಪ್ಪು ಮೈಯಲ್ಲಿ ಕಪ್ಪು ಕಣ್ಣು ಕಾಣುವುದೆಲ್ಲಿ, ಆದ್ದರಿಂದ ಬಿಟ್ಟರು ಎಂಬುದು ಹಳೆಯ ಪಂಡಿತರ ಸಮಜಾಯಿಷಿ. ೧೯೫೬ರಲ್ಲಿ ಚೀನಾ ಸರ್ಕಾರವು ಲಿಪಿಯನ್ನು ಸರಳಗೊಳಿಸಿದಾಗ ಎರಡು ಅಕ್ಷರಗಳೂ ಸೊರಗಿದವು; ಆದರೂ ಆ ಕಣ್ಣಿನ ವ್ಯತ್ಯಾಸ ಉಳಿದೇ ಉಳಿಯಿತು.

'ವೂ' ಎಂದು ಉಚ್ಚರಿಸುವ ಈ ಅಕ್ಷರಕ್ಕೆ ಕಪ್ಪು ಎಂಬ ಅರ್ಥವೂ ಇದೆ. ಗೊತ್ತುಗುರಿಯಿಲ್ಲದ ಜನಜಂಗುಳಿಯನ್ನು ಅಲ್ಲಿ ಕಾಗೆಗಳ ಕೂಟವೆನ್ನುತ್ತಾರೆ. ಅಪಶಕುನ ನುಡಿಯುವವನದು ಕಾಗೆಬಾಯಿ. ಉಕ್ರೇನ್, ಉಗಾಂಡಾಗಳ ಹೆಸರೂ ಚೀನೀ ಬರಹದಲ್ಲಿ ಕಾಗೆಯಿಂದಲೇ ಆರಂಭ. ಅದು ಬರಿಯ ಧ್ವನಿಗಾಗಿ. ಆ ದೇಶದವರು ಬೇಸರಪಡಬೇಕಾದುದಿಲ್ಲ.

ಆದರೆ ಕ್ರಿ. ಶ. ೧೦೦ರ ಸುಮಾರಿಗೆ ಷೂ ಷೆನ್ ರಚಿಸಿದ ನಿಘಂಟು ಈ ಅಕ್ಷರಕ್ಕೆ ಕೊಡುವ ಅರ್ಥವೇ ಬೇರೆ: ಮಾತಾಪಿತೃಭಕ್ತಿಯುಳ್ಳ ಪಕ್ಷಿ. ಮರಿಗಳು ಬೆಳೆದ ಮೇಲೆ ಮುದಿ ತಾಯಿಗೆ ಗುಟುಕು ತಂದು ಸಾಕುತ್ತವೆಂದು ಚೀನೀಯರ ನಂಬಿಕೆ. ಪಕ್ಷಿಶಾಸ್ತ್ರಜ್ಞರು ಅಷ್ಟು ದೂರ ಬರುವುದಿಲ್ಲ. ಅಮೆರಿಕದ ಕಾಗೆಗಳಲ್ಲಿ ಬೆಳೆದ ಮರಿಗಳು ಮನೆ ಬಿಡದೆ ನಿಂತು, ಕಿರಿಯ ಮರಿಗಳಿಗೂ ಕಾವು ಕುಳಿತ ತಾಯಿಗೂ ಉಣಿಸುವುದುಂಟೆಂದು ಅವರು ಹೇಳುತ್ತಾರೆ. ಮುಪ್ಪಿನ ಮಾತು ಕವಿಗಳ ಸೇರ್ಪಡೆಯೇ ಇರಬೇಕು. ಇರಲಿ, ನನಗೆ ಅಷ್ಟು ಸಾಕು.

ಈ ಕಾಗೆಯನ್ನು ಸಾಕ್ಷಿಗೆ ಕರೆದವನೊಬ್ಬನಿದ್ದ. ಅವನ ಹೆಸರು ಲೀ ಮಿ. ಹುಟ್ಟಿದ ಆರು ತಿಂಗಳಿಗೆ ತಂದೆ ಸತ್ತ. ನಾಲ್ಕನೆಯ ವರ್ಷದಲ್ಲಿ ತಾಯಿ ಮರುಮದುವೆಯಾಗಿ ಹೋದಳು. ಬೆಳೆಸಿದವಳು ಅಜ್ಜಿ. ಅವನು ಸೇವೆಯಲ್ಲಿದ್ದ ಷೂ ರಾಜ್ಯವು ೨೬೩ರಲ್ಲಿ ಅಳಿದು, ಜಿನ್ ವಂಶದ ಹೊಸ ಚಕ್ರವರ್ತಿಯು ಅವನನ್ನು ಅಧಿಕಾರಕ್ಕೆ ಕರೆಸಿದನು. ಒಲ್ಲೆನೆಂದರೆ ಹಳೆಯ ದೊರೆಯ ಮೇಲಿನ ಭಕ್ತಿಯೆಂದು ಶಂಕೆ. ಶಂಕೆ ಬಂದರೆ ಪ್ರಾಣಕ್ಕೇ ಸಂಚಕಾರ. ಲೀ ಮಿ ಬಿನ್ನಹವೊಂದನ್ನು ಬರೆದು, ತನಗೆ ೪೪, ಹಾಸಿಗೆ ಹಿಡಿದ ಅಜ್ಜಿಗೆ ೯೬ ಎಂಬ ಲೆಕ್ಕವನ್ನೇ ಮುಂದಿಟ್ಟು, ಕಾಗೆಯ ಧರ್ಮವನ್ನು ನೆನಪಿಸಿದನು. ಚಕ್ರವರ್ತಿ ಮಣಿದನು.

ನನ್ನ ತಾಯಿಗೆ ಈಗ ೮೬. ಗಂಜಿಯನ್ನು ನನ್ನ ಕೈಯಿಂದಲ್ಲದೆ ಬೇರೆಯವರಿಂದ ಕುಡಿಯರು. ಮೇಲಿನ ಹುದ್ದೆಯೊಡನೆ ದೂರದ ಊರಿಗೆ ವರ್ಗವಾಗಿರುವ ಆಜ್ಞೆ ನನ್ನ ಮೇಜಿನ ಮೇಲಿದೆ. ಮೂರು ದಿನಗಳಿಂದ ಉತ್ತರದ ಕರಡನ್ನು ತಿದ್ದುತ್ತಿದ್ದೇನೆ. ವಯಸ್ಸುಗಳ ಲೆಕ್ಕವನ್ನು ಲೀ ಮಿಯಂತೆಯೇ ಬರೆದಿದ್ದೇನೆ. ಕಾಗೆಯ ಮಾತನ್ನು ಮಾತ್ರ ಬಿಟ್ಟಿದ್ದೇನೆ. ನಮ್ಮ ಕಚೇರಿಯಲ್ಲಿ ಅದು ನಡೆಯದು.