ಗೋಡೆಯೊಳಗಿನ ಹಳೇ ವೈರು

ಅಮ್ಮ ಅಮೆರಿಕಕ್ಕೆ ಬಂದ ನಾಲ್ಕನೇ ರಾತ್ರಿಯಿಂದಲೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಇಲ್ಲಿ ರಾತ್ರಿ ಒಂಬತ್ತೂವರೆಯಾದರೆ ತೀರ್ಥಹಳ್ಳಿಯಲ್ಲಿ ಬೆಳಗಿನ ಏಳು. ಚಿಕ್ಕಮ್ಮ ತಿಂಡಿ ಮುಗಿಸಿ, ಮಾತ್ರೆ ನುಂಗಿ, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಕೂರುವ ಹೊತ್ತು. ವಾರಕ್ಕೆ ಎರಡು ದಿನ ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಉಳಿದ ಐದು ದಿನ ಅಕ್ಕನ ಹತ್ತಿರ ಮಾತು.

ಆದರೆ ನಮ್ಮ ಹಿಂದಿನ ಕೋಣೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. "ಅಕ್ಕಾ, ನಿನ್ನ ಬಾಯಿ ಅಲ್ಲಾಡ್ತದೆ, ಮಾತು ಕೇಳೂದಿಲ್ಲ" ಎಂದು ಆ ಕಡೆಯಿಂದ ಚಿಕ್ಕಮ್ಮ ಕೂಗುವುದು ನನಗೆ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ನಿರ್ವಾಹವಿಲ್ಲದೆ ಅಮ್ಮ ಟ್ಯಾಬ್ ಹಿಡಿದುಕೊಂಡು ಹಾಲಿಗೆ ಬರುತ್ತಿದ್ದಳು. ಅಲ್ಲಿ ನನ್ನ ಗಂಡನ ಆಫೀಸಿನ ಕಾಲ್, ಮಗನ ಹೋಂವರ್ಕ್, ನನ್ನ ಪಾತ್ರೆಯ ಸದ್ದು. ಚಿತ್ರ ಸ್ಪಷ್ಟವಾಗುತ್ತಿತ್ತು, ಆದರೆ ಮಾತು "ತಿಂಡಿ ಎಂತ ಮಾಡಿದ್ದೆ? ಮಳೆ ಹೊಯ್ತಾ?" ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಇಬ್ಬರೂ ಸುಮ್ಮನೆ ಪರದೆ ನೋಡುತ್ತ ಕೂರುವುದನ್ನು ಮೂರ್ನಾಲ್ಕು ದಿನ ನೋಡಿದೆ. ಅವರಿಗೆ ಬೇಕಾಗಿದ್ದುದು ನೆಟ್‌ವರ್ಕ್ ಮಾತ್ರವಲ್ಲ, ಬಾಗಿಲು ಹಾಕಿದ ಕೋಣೆಯೊಳಗಿನ ನೆಟ್‌ವರ್ಕ್ ಎಂದು ಅರ್ಥವಾಯಿತು.

ನಾವಿರುವುದು ಮ್ಯಾಸಚೂಸೆಟ್ಸಿನ ವೂಸ್ಟರ್ ಊರಿನಲ್ಲಿ, ಇಲ್ಲಿಯವರು ಟ್ರಿಪಲ್ ಡೆಕ್ಕರ್ ಎಂದು ಕರೆಯುವ ಮರದ ಮನೆಯಲ್ಲಿ. ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ, ಪ್ರತಿ ಮನೆಗೂ ಒಂದು ವರಾಂಡ. ಸುಮಾರು 1880ರಿಂದ 1930ರವರೆಗೆ ಇಲ್ಲಿನ ಕಾರ್ಖಾನೆ ಕೆಲಸಗಾರರಿಗಾಗಿ ಸಾಲುಸಾಲಾಗಿ ಕಟ್ಟಿದ ಮನೆಗಳಿವು. ಅಮ್ಮ ಮೊದಲ ದಿನ ಮೆಟ್ಟಿಲು ಹತ್ತುತ್ತಲೇ, "ಇದು ನಮ್ಮ ವಠಾರವೇ ಅಲ್ದಾ? ಅಡ್ಡಡ್ಡ ಇದ್ದದ್ದನ್ನ ಉದ್ದುದ್ದ ನಿಲ್ಲಿಸಿದ್ದಾರೆ, ಅಷ್ಟೆ" ಅಂದಿದ್ದಳು. ನಮ್ಮದು ನಡುವಿನ ಅಂತಸ್ತು. ಕೆಳಗೆ ಎಂಬತ್ತು ದಾಟಿದ ಮನೆಯೊಡೆಯರು ಒಬ್ಬರೇ. ಮೇಲೆ ಕಾಲೇಜಿಗೆ ಹೋಗುವ ಇಬ್ಬರು ಹುಡುಗರು. ಮನೆ ಮುಂದಿನಿಂದ ಹಿಂದಿನವರೆಗೆ ರೈಲು ಡಬ್ಬಿಯ ಹಾಗೆ ಉದ್ದ. ನಟ್ಟನಡುವೆ ಇಟ್ಟಿಗೆಯ ಚಿಮಣಿ, ಅದರಾಚೆ ದಪ್ಪ ಗಾರೆಯ ಗೋಡೆಗಳು. ಮುಂದಿನ ಕೋಣೆಯ ರೂಟರಿನಿಂದ ಹೊರಟ ಸಿಗ್ನಲ್ ಇವನ್ನೆಲ್ಲ ದಾಟಿ ಹಿಂದಿನ ಕೋಣೆ ಸೇರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ವೈಫೈ ರಿಪೀಟರ್ ಒಂದನ್ನು ತಂದು ಸಿಕ್ಕಿಸಿದೆ. ಅದು ಬಳಲಿದ ಸಿಗ್ನಲ್ಲನ್ನೇ ಇನ್ನೊಮ್ಮೆ ಕೂಗಿ ಹೇಳಿತು.

ಒಂದು ಭಾನುವಾರ ಅಮ್ಮನ ಸೂಟ್‌ಕೇಸಿಗೆ ಜಾಗ ಮಾಡಲೆಂದು ಹಿಂದಿನ ಕೋಣೆಯ ಬೀರು ಸರಿಸಿದಾಗ ಗೋಡೆಯ ಬುಡದಲ್ಲಿ ಒಂದು ಸಾಕೆಟ್ ಕಂಡಿತು. ಮೇಲೆ ಎರಡು ಮೂರು ಸಲ ಬಣ್ಣ ಬಳಿದು ಮುಚ್ಚಿಹೋಗಿತ್ತು. ಕೆರೆದು ನೋಡಿದರೆ ನಡುವೆ ಸೂಜಿಯಷ್ಟು ತೂತಿರುವ, ತಿರುಗಿಸುವ ಮರೆ ಇರುವ ಟಿವಿ ಕೇಬಲ್ಲಿನ ಕನೆಕ್ಟರು. ಹಿಂದೆ ಯಾರೋ ಈ ಕೋಣೆಯಲ್ಲಿ ಟಿವಿ ಇಟ್ಟುಕೊಂಡಿದ್ದರು. ಮುಂದಿನ ಕೋಣೆಯಲ್ಲೂ ಅಂಥದ್ದೇ ಒಂದಿತ್ತು, ಅದರಿಂದಲೇ ನಮಗೆ ಇಂಟರ್ನೆಟ್ ಬರುತ್ತಿತ್ತು. ಎರಡರ ನಡುವೆ ಗೋಡೆಯೊಳಗೆ ವೈರು ಆಗಲೇ ಇದೆ. ನಾನು ಕೊರೆಯಬೇಕೆಂದಿದ್ದ ದಾರಿಯನ್ನು ಯಾವಾಗಲೋ ಯಾರೋ ಕೊರೆದಿಟ್ಟಿದ್ದರು.

ಈ ಕೋಆಕ್ಸಿಯಲ್ ಕೇಬಲ್ ನನಗೆ ಹೊಸದೇನಲ್ಲ. ನಡುವೆ ತಾಮ್ರದ ಒಂದು ತಂತಿ, ಸುತ್ತ ಬಿಳಿಯ ನಿರೋಧಕ, ಅದರ ಸುತ್ತ ಲೋಹದ ಹೆಣಿಗೆ, ಎಲ್ಲದರ ಮೇಲೆ ಪ್ಲಾಸ್ಟಿಕ್ ಅಂಗಿ. ಒಳತಂತಿಗೂ ಹೊರಕವಚಕ್ಕೂ ಒಂದೇ ಅಕ್ಷ, ಆದ್ದರಿಂದ ಈ ಹೆಸರು. ಒಳಗೆ ಹರಿಯುವ ಮಾತು ಹೊರಗೆ ಸೋರಬಾರದು, ಹೊರಗಿನ ಗದ್ದಲ ಒಳಗೆ ನುಗ್ಗಬಾರದು ಎಂಬುದು ಆ ಕವಚದ ಕೆಲಸ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ, ಅಂದರೆ ನಮ್ಮ ಬೀದಿಯ ಇಂಥ ಮನೆಗಳು ಏಳತೊಡಗಿದ ಕಾಲದಲ್ಲೇ. 1973ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಹುಟ್ಟಿದ ಈಥರ್ನೆಟ್ ಕೂಡ ಮೊದಲು ಹರಿದದ್ದು ಕೋಆಕ್ಸಿಯಲ್ ಕೇಬಲ್ಲಿನಲ್ಲೇ. ಒಂದೇ ಉದ್ದನೆಯ ವೈರು, ಅದಕ್ಕೆ ಎಲ್ಲ ಕಂಪ್ಯೂಟರುಗಳೂ ಜೋತುಬಿದ್ದಿರುತ್ತಿದ್ದವು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತಿತ್ತು. ತನ್ನ ಹೆಸರಿಗೆ ಬಂದದ್ದನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಡುವುದು ಕಂಪ್ಯೂಟರಿನ ಸೌಜನ್ಯಕ್ಕೆ ಬಿಟ್ಟ ವಿಚಾರ.

1997ರಲ್ಲಿ ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಲ್ಯಾಬಿನಲ್ಲಿದ್ದದ್ದೂ ಅದೇ ಬಗೆಯದು. ಪ್ರತಿ ಕಂಪ್ಯೂಟರಿನ ಬೆನ್ನಿಗೆ ಟಿ ಆಕಾರದ ಕನೆಕ್ಟರು, ವೈರಿನ ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್ ಎಂಬ ಪುಟ್ಟ ಟೊಪ್ಪಿಗೆ. ಆ ಟೊಪ್ಪಿಗೆ ತೆಗೆದರೆ ಸಿಗ್ನಲ್ ತುದಿಗೆ ಬಡಿದು ಕಣಿವೆಯಲ್ಲಿ ಕೂಗಿದ ಹಾಗೆ ಪ್ರತಿಧ್ವನಿಯಾಗಿ ಹಿಂದಕ್ಕೆ ಬರುತ್ತಿತ್ತು, ಇಡೀ ಲ್ಯಾಬ್ ಸ್ತಬ್ಧವಾಗುತ್ತಿತ್ತು. ಪರೀಕ್ಷೆಗೆ ತಯಾರಾಗದ ದಿನ ಹಿಂದಿನ ಬೆಂಚಿನ ಹುಡುಗರು ಮಾಡುತ್ತಿದ್ದುದೇ ಇದನ್ನು. "ಯಾರ್ರೀ ಟರ್ಮಿನೇಟರ್ ತೆಗೆದಿದ್ದು?" ಎಂದು ಲ್ಯಾಬಿನ ಮೇಷ್ಟ್ರು ಮೇಜಿನಡಿ ಬಗ್ಗಿ ಹುಡುಕುತ್ತಿದ್ದ ಚಿತ್ರ ಇನ್ನೂ ಕಣ್ಣಲ್ಲಿದೆ. ಒಂದೇ ವೈರಿಗೆ ಕಟ್ಟಿಕೊಂಡವರಲ್ಲಿ ಒಬ್ಬ ಮಾಡಿದ್ದು ಎಲ್ಲರಿಗೂ ತಟ್ಟುತ್ತದೆ ಎಂಬ ಪಾಠ ಅಲ್ಲೇ ಆಗಿತ್ತು. ಪಾಠ ಆದದ್ದು ಬೇರೆ, ನೆನಪಿರುವುದು ಬೇರೆ.

ಟಿವಿ ಕೇಬಲ್ಲಿನ ಮೇಲೆ ಮನೆಯೊಳಗಿನ ನೆಟ್‌ವರ್ಕ್ ಹರಿಸುವ ಇವತ್ತಿನ ವಿಧಾನದ ಹೆಸರು ಮೋಕಾ. "ಕಾಫಿಯಾ?" ಎಂದಳು ಅಮ್ಮ. ಕೇಬಲ್ ಟಿವಿ ಮತ್ತು ಇಂಟರ್ನೆಟ್ ಸುಮಾರು ಸಾವಿರ ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳಲ್ಲಿ ಓಡಾಡುತ್ತವೆ. ಮೋಕಾ ಅದಕ್ಕೂ ಮೇಲೆ, 1125ರಿಂದ 1675 ಮೆಗಾಹರ್ಟ್ಸ್‌ವರೆಗಿನ ಖಾಲಿ ಜಾಗದಲ್ಲಿ ಸಾಗುತ್ತದೆ. ಒಂದೇ ರಸ್ತೆ, ಕೆಳಗೆ ಬಸ್ಸು, ಮೇಲೆ ಫ್ಲೈಓವರ್. ಎರಡು ಅಡಾಪ್ಟರ್ ಸಾಕು. ಒಂದು ರೂಟರಿನ ಪಕ್ಕ, ಇನ್ನೊಂದು ಹಿಂದಿನ ಕೋಣೆಯಲ್ಲಿ, ಅದಕ್ಕೊಂದು ಸಣ್ಣ ವೈಫೈ ಪೆಟ್ಟಿಗೆ.

ತರಿಸಿದೆ, ಸಿಕ್ಕಿಸಿದೆ, ಹತ್ತು ನಿಮಿಷದಲ್ಲಿ ಹಸಿರು ದೀಪ ಹತ್ತಿತು. ಅವತ್ತು ರಾತ್ರಿ ಬಾಗಿಲು ಮುಚ್ಚಿತು. ಒಳಗಿನಿಂದ ಪಿಸುಮಾತು, ನಡುವೆ ಒಂದು ನಗು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಪಿಸುಮಾತು. ಹನ್ನೊಂದಕ್ಕೆ ಹೊರಗೆ ಬಂದ ಅಮ್ಮನ ಕಣ್ಣು ಕೆಂಪಾಗಿತ್ತು. "ಚೆನ್ನಾಗಿ ಕಂಡಳು ಮಾರಾಯ್ತಿ" ಎಂದಷ್ಟೇ ಹೇಳಿ ಮಲಗಿದಳು. ನಾನು ಹೆಮ್ಮೆಯಿಂದ ಬೀಗಿದೆ.

ಆ ದಿನವೇ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಅಡಾಪ್ಟರಿನ ಪುಟ ತೆರೆದು ನೋಡಿದಾಗ ಪಟ್ಟಿಯಲ್ಲಿ ಎರಡು ಸಾಧನಗಳಿರಬೇಕಾದಲ್ಲಿ ಮೂರಿದ್ದವು. ಏನೋ ಇರಬೇಕು ಎಂದುಕೊಂಡು ಪುಟ ಮುಚ್ಚಿದೆ. ವೇಗ ಚೆನ್ನಾಗಿತ್ತಲ್ಲ.

ಎಂಟನೇ ದಿನ ಸಂಜೆ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಜ್ಜ, ಕೈಯಲ್ಲಿ ಎರಡಾಗಿ ಮಡಚಿದ ಒಂದು ಹಾಳೆ. "ಇದು ನನ್ನ ಪ್ರಿಂಟರಿನಿಂದ ಬಂತು. ನಾನು ಪೂರ್ತಿ ಓದಲಿಲ್ಲ. ಯಾವುದೋ ಆಸ್ಪತ್ರೆಯದು, ಭಾರತದ್ದು ಅಂತ ಕಂಡಿತು. ನಿಮ್ಮದಿರಬೇಕು ಅನ್ನಿಸಿತು" ಎಂದರು. ಬಿಡಿಸಿ ನೋಡಿದೆ. ಚಿಕ್ಕಮ್ಮನ ರಕ್ತಪರೀಕ್ಷೆಯ ವರದಿ. ಹೆಸರು, ವಯಸ್ಸು, ಯೂರಿಯಾ, ಕ್ರಿಯಾಟಿನಿನ್, ಎಲ್ಲವೂ.

ಆದದ್ದು ಇಷ್ಟು. ಟ್ಯಾಬಿನಲ್ಲಿ ಅಕ್ಷರ ಚಿಕ್ಕದಾಗಿ ಕಾಣುತ್ತದೆಂದು ಅಮ್ಮ ಮೊಮ್ಮಗನ ಹತ್ತಿರ, "ಇದನ್ನ ಕಾಗದದ ಮೇಲೆ ತೆಗೆದುಕೊಡು" ಎಂದಿದ್ದಾಳೆ. ಅವನು ಪಟ್ಟಿಯಲ್ಲಿ ಕಂಡ ಪ್ರಿಂಟರನ್ನು ಒತ್ತಿದ್ದಾನೆ. ಅದು ನಮ್ಮದಾಗಿರಲಿಲ್ಲ.

ಆ ರಾತ್ರಿ ಅಮ್ಮನ ಟ್ಯಾಬ್ ತೆಗೆದು ನೋಡಿದೆ. ಅದರ ಐಪಿ ವಿಳಾಸ ನಮ್ಮ ರೂಟರ್ ಕೊಡುವ ಸಾಲಿನದೇ ಅಲ್ಲ. ಅಡಾಪ್ಟರಿನ ಪೆಟ್ಟಿಗೆಯಲ್ಲಿದ್ದ ಕಿರುಹೊತ್ತಿಗೆಯನ್ನು ಆಗ ಪೂರ್ತಿ ಓದಿದೆ. ಹಲವು ಮನೆಗಳಿರುವ ಕಟ್ಟಡದಲ್ಲಿ ಬಳಸುವುದಾದರೆ ಪಾಸ್‌ವರ್ಡ್ ಹಾಕಿ, ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಫಿಲ್ಟರ್ ಹಾಕಿ ಎಂದು ಎರಡು ಸಾಲು ಅಲ್ಲೇ ಇದ್ದವು. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದವಳು ನಾನು, ದೀಪ ಹಸಿರಾದ ಮೇಲೆ ಓದುವುದೇನಿದೆ ಎಂದುಕೊಂಡಿದ್ದೆ.

ಮರುದಿನ ಅಜ್ಜನ ಜೊತೆ ನೆಲಮಾಳಿಗೆಗೆ ಇಳಿದೆ. ಬೀದಿಯ ಕಂಬದಿಂದ ಬಂದ ಕೇಬಲ್ ಅಲ್ಲಿ ಒಂದು ಸ್ಪ್ಲಿಟರಿಗೆ ಸೇರಿ ಮೂರು ಕವಲಾಗಿ ಮೂರು ಮನೆಗೆ ಹೋಗುತ್ತಿತ್ತು. ಸ್ಪ್ಲಿಟರಿನ ಒಂದು ಕವಲಿನಿಂದ ಇನ್ನೊಂದಕ್ಕೆ ಸಿಗ್ನಲ್ ದಾಟುವುದು ಕಷ್ಟ, ಆದರೆ ಅಸಾಧ್ಯವಲ್ಲ. ಮೋಕಾ ಇಂಥ ಕಷ್ಟವನ್ನು ಸಹಿಸಿಕೊಂಡು ದಾಟಲೆಂದೇ ಮಾಡಿದ್ದು. ಅಜ್ಜನ ಟಿವಿಯ ಹಿಂದೆ ನನ್ನದರ ಹಾಗೆಯೇ ಒಂದು ಕಪ್ಪು ಪೆಟ್ಟಿಗೆ ಮಿನುಗುತ್ತಿತ್ತು. "ಮಗ ಹಾಕಿಕೊಟ್ಟದ್ದು. ಏನೆಂದು ನನಗೆ ಗೊತ್ತಿಲ್ಲ. ಮುಟ್ಟಬೇಡ ಅಂದಿದ್ದ, ಮುಟ್ಟಿಲ್ಲ" ಎಂದರು. ಮಗ ಈಗ ದೇಶದ ಇನ್ನೊಂದು ತುದಿಯಲ್ಲಿದ್ದಾನೆ. ಅವನೂ ಪಾಸ್‌ವರ್ಡ್ ಹಾಕಿರಲಿಲ್ಲ. ಬಾಗಿಲಿಲ್ಲದ ಎರಡು ನೆಟ್‌ವರ್ಕ್‌ಗಳು ಗೋಡೆಯೊಳಗೆ ಭೇಟಿಯಾಗಿ ಒಂದೇ ಆಗಿಬಿಟ್ಟಿದ್ದವು. ವಿಳಾಸ ಹಂಚಲು ಎರಡು ರೂಟರುಗಳು ಕೂತಿದ್ದವು. ಯಾರು ಮೊದಲು ಉತ್ತರಿಸುತ್ತಾರೋ ಅವರ ವಿಳಾಸ. ಅಮ್ಮನ ಟ್ಯಾಬಿಗೆ ಉತ್ತರಿಸಿದ್ದು ಕೆಳಗಿನ ಮನೆಯದು. ಅಂದರೆ ಎಷ್ಟೋ ರಾತ್ರಿ ಅಕ್ಕತಂಗಿಯರ ಮಾತು ತೀರ್ಥಹಳ್ಳಿಗೆ ಹೋಗಿಬಂದದ್ದು ಈ ಅಜ್ಜನ ಇಂಟರ್ನೆಟ್ಟಿನಲ್ಲಿ.

ಹೇಳಿದೆ. ಕ್ಷಮೆ ಕೇಳಿದೆ. ಕಾಲ್‌ಗಳು ತಾವಾಗಿಯೇ ಗೂಢಲಿಪಿಯಾಗಿ ಹೋಗುತ್ತವೆ, ಮಾತು ಯಾರಿಗೂ ಕೇಳುವುದಿಲ್ಲ, ಆದರೆ ನಿಮ್ಮ ಪ್ರಿಂಟರಿನ ಹಾಗೆ ನಿಮ್ಮ ಬೇರೆ ವಸ್ತುಗಳೂ ನಮಗೆ ಕಾಣುತ್ತಿದ್ದವು ಎಂದೆ. ಅವರು ಸ್ವಲ್ಪ ಹೊತ್ತು ಸ್ಪ್ಲಿಟರನ್ನೇ ನೋಡುತ್ತಿದ್ದರು. "ಟಿವಿ ಯಾಕೆ ಆಗಾಗ ತಡವರಿಸುತ್ತಿತ್ತು ಅಂತ ಈಗ ಗೊತ್ತಾಯಿತು" ಎಂದರು. ಆಮೇಲೆ, "ವರದಿಯಲ್ಲಿರುವವರು ಹೇಗಿದ್ದಾರೆ?" ಎಂದು ಕೇಳಿದರು. ಎರಡು ವರ್ಷದಿಂದ ಮೇಲೆ ಕೆಳಗೆ ಇದ್ದೂ ಬಾಡಿಗೆ ಮತ್ತು ಹಿಮ ಗುಡಿಸುವ ವಿಷಯ ಬಿಟ್ಟರೆ ನಾವು ಮಾತಾಡಿದ್ದು ಅದೇ ಮೊದಲು.

ಫಿಲ್ಟರ್ ಎಂದರೆ ಬೆರಳಿನ ಒಂದು ಗಿಣ್ಣಿನಷ್ಟು ಉದ್ದದ ಲೋಹದ ಕೊಳವೆ, ಅಷ್ಟೆ. ಕೇಬಲ್ ಟಿವಿಯ ಸಿಗ್ನಲ್ಲನ್ನು ಒಳಗೆ ಬಿಟ್ಟುಕೊಂಡು ಮೋಕಾದ ಸಿಗ್ನಲ್ಲನ್ನು ಹೊರಗೆ ಹೋಗದಂತೆ ಹಿಂದಕ್ಕೆ ತಳ್ಳುತ್ತದೆ. ಮೂರು ತರಿಸಿ, ಅಜ್ಜ ಟಾರ್ಚ್ ಹಿಡಿದಿರುವಾಗ, ಸ್ಪ್ಲಿಟರಿನ ಮೂರು ಕವಲಿಗೂ ತಿರುಗಿಸಿದೆ. ಭೂಸಂಪರ್ಕದ ತಂತಿಯನ್ನು ಮುಟ್ಟಲಿಲ್ಲ. ಮೇಲೆ ಬಂದು ನೋಡಿದರೆ ಪಟ್ಟಿಯಲ್ಲಿ ಎರಡೇ ಸಾಧನಗಳು.

ಇನ್ನು ಪಾಸ್‌ವರ್ಡ್. ನಮ್ಮ ಅಡಾಪ್ಟರಿಗೆ ಅಂಕಿಗಳೇ ಬೇಕು, ಕನಿಷ್ಠ ಹನ್ನೆರಡು. "ಮರೆಯದಂಥ ಯಾವುದಾದರೂ ನಂಬರ್ ಹೇಳಮ್ಮ" ಎಂದೆ. ಅಮ್ಮ ಟ್ಯಾಬನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒತ್ತತೊಡಗಿದಳು. ತೊಂಬತ್ತೊಂದು, ಸೊನ್ನೆ ಬಿಟ್ಟ ಎಸ್‌ಟಿಡಿ ಕೋಡು, ಆಮೇಲೆ ಆರು ಅಂಕಿ. ತವರುಮನೆಯ ಲ್ಯಾಂಡ್‌ಲೈನ್. ಆ ಫೋನು ಕತ್ತರಿಸಿ ವರ್ಷಗಳೇ ಆಗಿವೆ. ಒಮ್ಮೆಯೂ ತಡವರಿಸದೆ ಒತ್ತಿ, ಎಣಿಸಿ ನೋಡಿದಳು. ಸರಿಯಾಗಿ ಹನ್ನೆರಡು.

"ಅವರಿಗೂ ಇದನ್ನೇ ಹಾಕಿಕೊಡಬೇಡ ಮತ್ತೆ" ಎಂದಳು. ಕೆಳಗಿನ ಅಜ್ಜನ ಪೆಟ್ಟಿಗೆಗೆ ಅವರ ಮಗನಿಗೆ ಫೋನ್ ಮಾಡಿಸಿ ಅವನಿಂದಲೇ ಬೇರೆ ಸಂಖ್ಯೆ ಹಾಕಿಸಿದೆ. ಆ ಕರೆ ಮುಕ್ಕಾಲು ಗಂಟೆ ನಡೆಯಿತು. ಪಾಸ್‌ವರ್ಡ್ ಹಾಕಲು ಬೇಕಾದದ್ದು ಎರಡು ನಿಮಿಷ.

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಹೊರಟಳು. ಹೋಗುವ ಮುನ್ನ ಅಜ್ಜನಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಬಂದಳು. ಮೂರು ತಿಂಗಳ ನಂತರ ಚಿಕ್ಕಮ್ಮ ತೀರಿಕೊಂಡಳು, ಅಕ್ಕ ಪಕ್ಕದಲ್ಲಿದ್ದಾಗಲೇ. ಕೊನೆಕೊನೆಗೆ ಡಯಾಲಿಸಿಸ್ ಸಾಕು ಎಂದು ಅವಳೇ ಹೇಳಿದ್ದಳಂತೆ. ಅದು ಬೇಸಿಗೆಯ ಆ ರಾತ್ರಿಗಳಲ್ಲೇ ತೀರ್ಮಾನವಾದದ್ದೋ ಏನೋ. ಒಮ್ಮೆ ಫೋನಿನಲ್ಲಿ ಕೇಳಿದೆ, "ಅಮ್ಮಾ, ಆಗ ಇಬ್ಬರೂ ಅಷ್ಟು ಹೊತ್ತು ಎಂತ ಮಾತಾಡ್ತಿದ್ರಿ?"

"ಎಂತೆಂತದೋ" ಎಂದಳು ಅಮ್ಮ. ನಾನು ಮತ್ತೆ ಕೇಳಲಿಲ್ಲ. ಹಿಂದಿನ ಕೋಣೆಯ ಪೆಟ್ಟಿಗೆ ಈಗಲೂ ಮಿನುಗುತ್ತದೆ. ಇದನ್ನು ಬರೆಯುವ ಮೊದಲು ಅದರ ಪಾಸ್‌ವರ್ಡ್ ಬದಲಿಸಬೇಕಾಯಿತು. ಹಳೆಯದನ್ನು ಅಳಿಸುವಾಗ ಒಂದೊಂದೇ ಅಂಕಿಯನ್ನು ಓದಿಕೊಂಡು ಅಳಿಸಿದೆ.