ಅಜ್ಜಿಯ ನಡುಗಡ್ಡೆ

ಹಾಸನ ಜಿಲ್ಲೆಯಲ್ಲಿ ಒಂದು ನಡುಗಡ್ಡೆ ಇದೆ ಎಂದರೆ ನೀವು ನಗಬಹುದು. ಸಮುದ್ರ ನೋಡಬೇಕಾದರೆ ಇಲ್ಲಿಂದ ಘಟ್ಟ ಇಳಿದು ಹೋಗಬೇಕು. ಆದರೂ ನಡುಗಡ್ಡೆ ಇದೆ. ಮಳೆಗಾಲ ಬಂದರೆ ಹುಟ್ಟುತ್ತದೆ, ಬೇಸಿಗೆ ಬಂದರೆ ಮಾಯವಾಗುತ್ತದೆ. ಅದರ ಮೇಲೆ ತೆಂಗಿನ ತೋಪಿಲ್ಲ, ಮರಳದಂಡೆ ಇಲ್ಲ. ಸೂರು ಹಾರಿಹೋದ ಒಂದು ಹಳೆಯ ಚರ್ಚು ನಾಲ್ಕೂ ಕಡೆ ನೀರು ಸುತ್ತಿಕೊಂಡು ನಿಂತಿರುತ್ತದೆ, ಅಷ್ಟೇ. ಅದು ಶೆಟ್ಟಿಹಳ್ಳಿಯ ಚರ್ಚು. ಸುತ್ತಲಿನ ನೀರು ಹೇಮಾವತಿ ಜಲಾಶಯದ ಹಿನ್ನೀರು.

ಕಳೆದ ದಸರಾ ರಜೆಗೆ ಮಗ, ಸೊಸೆ, ಮೊಮ್ಮಕ್ಕಳು ತುಮಕೂರಿನಿಂದ ಹಾಸನಕ್ಕೆ, ನನ್ನ ಮನೆಗೆ ಬಂದಿದ್ದರು. ಮೊಮ್ಮಗಳು ಏಳನೇ ತರಗತಿ, ಪುಟ್ಟ ಮೂರನೇ ತರಗತಿ. ಅವಳ ಗೆಳತಿಯೊಬ್ಬಳು ಅಂಡಮಾನಿಗೆ ಹೋಗಿಬಂದಿದ್ದಳಂತೆ. ಅಲ್ಲಿ ಇಡೀ ದಿನಕ್ಕೆ ಅವರಿಗೇ ಅಂತ ಒಂದು ಕಾರು, ಬೇಕಾದಲ್ಲಿ ನಿಲ್ಲಿಸಬಹುದು, ಬೇಕಾದಷ್ಟು ಹೊತ್ತು ಇರಬಹುದು. "ನಾವೂ ಹಾಗೆ ಒಂದು ನಡುಗಡ್ಡೆಗೆ ಹೋಗೋಣ ಅಪ್ಪ" ಎಂದು ಇಬ್ಬರದೂ ಒಂದೇ ಹಟ.

"ನಡುಗಡ್ಡೆ ತಾನೆ? ಕಾರು ಮಾಡಿ, ನಾನು ತೋರಿಸ್ತೀನಿ" ಅಂದೆ.

ಮಗ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಗಿತ್ತು. ನನ್ನ ತವರೂರು ಆ ನೀರಿನಡಿಯಲ್ಲಿದೆ. ಶೆಟ್ಟಿಹಳ್ಳಿಯಿಂದ ಗದ್ದೆಬದುವಿನ ಮೇಲೆ ಒಂದು ಗಂಟೆಯ ದಾರಿಯಾಗಿತ್ತು. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಷ್ಟರೊಳಗೆ ಊರು ಖಾಲಿಯಾಗಿತ್ತು. ನಾನು ಮದುವೆಯಾಗಿ ಹಾಸನ ಸೇರಿಯಾಗಿತ್ತು. ಹಾಸನದಿಂದ ಅಲ್ಲಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಆದರೂ ಅಂದಿನಿಂದ ನಾನು ಆ ಕಡೆ ಹೋಗಿರಲಿಲ್ಲ. "ಹೋಗಿ ನೋಡಿ ಅಳೋದ್ಯಾಕೆ" ಎನ್ನುತ್ತಿದ್ದರು ನಮ್ಮ ಯಜಮಾನರು. ಅವರೂ ಈಗಿಲ್ಲ. ನನಗೆ 73 ತುಂಬಿದೆ, ಮಂಡಿನೋವು. ಈಗ ಹೋಗದಿದ್ದರೆ ಇನ್ನು ಯಾವಾಗ?

ಏಳು ಜನ ಕೂರುವ ಒಂದು ಕಾರು ಗೊತ್ತಾಯಿತು. ಕಿ.ಮೀ.ಗೆ 16 ರೂಪಾಯಿ, ಓಡಿಸಲಿ ಬಿಡಲಿ ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ, ಡ್ರೈವರ್ ಬತ್ತಾ 400. ಮೊಮ್ಮಗಳಿಗೆ ಲೆಕ್ಕ ಮಾಡು ಅಂದೆ. ಒಟ್ಟು 4,400 ರೂಪಾಯಿ, ಐದು ಜನಕ್ಕೆ ಹಂಚಿದರೆ ತಲೆಗೆ 880. "ಬಸ್ಸಿಗಿಂತ ಜಾಸ್ತಿ ಆಯ್ತಲ್ಲ ಅಜ್ಜಿ" ಎಂದಳು. "ಬಸ್ಸು ನನ್ನ ಮಂಡಿಗೋಸ್ಕರ ನಿಲ್ಲಲ್ಲ ಕಣೆ" ಅಂದೆ.

ಬೆಳಗ್ಗೆ ಆರಕ್ಕೆ ಕಾರು ಬಂತು. ಡ್ರೈವರ್ ಹುಡುಗ ಅರಕಲಗೂಡು ಕಡೆಯವನು. "ಬೇಲೂರು, ಹಳೇಬೀಡು, ಬೆಳಗೊಳ ತಾನೇ ಸಾರ್? ಎಲ್ಲರೂ ನೋಡೋದು ಅದೇ" ಎಂದ. ಬೇಲೂರು, ಹಳೇಬೀಡು ಇನ್ನೊಂದು ಸಲಕ್ಕೆ ಇರಲಿ, ಬೆಳಗೊಳದಿಂದ ಹೊಳೆನರಸೀಪುರ, ಅಲ್ಲಿಂದ ರಾಮನಾಥಪುರ, ಅರಕಲಗೂಡು, ಗೊರೂರು, ಕೊನೆಗೆ ಕತ್ತಲಾಗುವ ಮೊದಲು ಶೆಟ್ಟಿಹಳ್ಳಿ ಎಂದು ಹೇಳಿದೆ. "ಮುಳುಗಡೆ ಊರಿನವರಾ ಅಮ್ಮ?" ಎಂದು ಕೇಳಿದ. ಹೂಂ ಅಂದೆ. ಮತ್ತೆ ಅವನು ಮಾರ್ಗದ ಬಗ್ಗೆ ಚರ್ಚೆ ಮಾಡಲಿಲ್ಲ.

ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಇಡ್ಲಿ ತಿಂದು ಶ್ರವಣಬೆಳಗೊಳಕ್ಕೆ ಹೋದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಬರಿಗಾಲಲ್ಲಿ ಹತ್ತುವ ಬಂಡೆ, ಬಿಸಿಲೇರಿದರೆ ಅಂಗಾಲು ಸುಡುತ್ತದೆ. ಆದ್ದರಿಂದ ಅಲ್ಲಿಗೆ ಬೆಳಗ್ಗೆಯೇ ಹೋಗಬೇಕು. ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ವಯಸ್ಸಾದವರನ್ನು ಹೊತ್ತುಕೊಂಡು ಹೋಗುವ ಡೋಲಿ ಇದೆ. ಮಗ ಡೋಲಿ ಮಾಡ್ತೀನಿ ಅಂದ. ನಾನು ಒಲ್ಲೆ ಅಂದೆ. ಗೊಮ್ಮಟನನ್ನು ನಾನು ಮೂರು ಸಲ ನೋಡಿದ್ದೇನೆ. ನನ್ನ ಕಾಲಿನ ಶಕ್ತಿಯನ್ನು ಸಂಜೆಗೆ ಉಳಿಸಿಕೊಳ್ಳಬೇಕಾಗಿತ್ತು. ಅವರು ಹತ್ತಿದರು, ನಾನು ಕಲ್ಯಾಣಿಯ ಬಳಿ ಕೂತೆ.

ಒಂದೂವರೆ ಗಂಟೆ ಕಳೆದು ಪುಟ್ಟ ಓಡಿಬಂದ. "ಅಜ್ಜಿ, ಮೇಲೆ ಒಬ್ಬ ಅಜ್ಜಿ ಇದಾಳೆ! ಕಲ್ಲಿಂದು!"

ಅವಳು ಗುಳ್ಳಕಾಯಜ್ಜಿ. ಗಂಗರ ದೊರೆ ರಾಚಮಲ್ಲನ ಮಂತ್ರಿ ಚಾವುಂಡರಾಯ ಸುಮಾರು 981ರ ಹೊತ್ತಿಗೆ 58 ಅಡಿಯ ಈ ಮೂರ್ತಿಯನ್ನು ಮಾಡಿಸಿದ. ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ತರಿಸಿದನಂತೆ. ಎಷ್ಟು ಸುರಿದರೂ ಹಾಲು ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಆಗ ಒಬ್ಬಳು ಮುದುಕಿ ಗುಳ್ಳದ ಕಾಯಿಯ ಸಿಪ್ಪೆಯಲ್ಲಿ ಒಂದು ಹಿಡಿಯಷ್ಟು ಹಾಲು ತಂದಳು. ಅದನ್ನು ಸುರಿದದ್ದೇ ತಡ, ಹಾಲು ಗೊಮ್ಮಟನ ಪಾದ ತೊಳೆದು ಬೆಟ್ಟವನ್ನೂ ಇಳಿಯಿತು ಎನ್ನುತ್ತದೆ ಕಥೆ. ಇವತ್ತಿಗೂ ಅವಳು ಗೊಮ್ಮಟನಿಗೆ ಎದುರಾಗಿ ನಿಂತಿದ್ದಾಳೆ. 12 ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ಬರುತ್ತಾರೆ. ಕಳೆದ ಸಲ ನಡೆದದ್ದು 2018ರಲ್ಲಿ. ಬಂದವರೆಲ್ಲ ಚಾವುಂಡರಾಯನ ಜೊತೆಗೆ ಈ ಅಜ್ಜಿಯನ್ನೂ ನೆನೆಯುತ್ತಾರೆ.

"ಅಂದ್ರೆ ಅಜ್ಜಿ ತಂದ ಸ್ವಲ್ಪವೇ ಸಾಕಾಯ್ತು" ಎಂದ ಪುಟ್ಟ. ಕಥೆ ಅವನಿಗೆ ಅರ್ಥವಾಗಿತ್ತು.

ಅಲ್ಲಿಂದ ಹೊರಟಾಗ ಡ್ರೈವರ್ ಒಂದು ಸಂಗತಿ ಹೇಳಿದ. ಹೇಮಾವತಿಯ ಎಡದಂಡೆ ನಾಲೆ ಇದೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹಾದು ತುಮಕೂರು ಕಡೆಗೆ ಹೋಗುತ್ತದೆ. ಬಾಗೂರು, ನವಿಲೆ ಹತ್ತಿರ ಗುಡ್ಡ ಅಡ್ಡ ಬಂದದ್ದರಿಂದ ಹತ್ತು ಕಿ.ಮೀ. ಹತ್ತಿರ ಸುರಂಗ ಕೊರೆದು ನೀರು ಹರಿಸಿದ್ದಾರೆ. ಮೊಮ್ಮಗಳು ಥಟ್ಟನೆ ಕೇಳಿದಳು, "ನಮ್ಮ ತುಮಕೂರಿಗಾ?"

"ಹೂಂ ಪಾಪು. ನಿಮ್ಮ ಬುಗುಡನಹಳ್ಳಿ ಕೆರೆ ತುಂಬೋದು ಅದೇ ನೀರಿನಿಂದ" ಎಂದ ಅವನು.

ಅವಳು ಸುಮ್ಮನಾದಳು. ಏನೋ ಲೆಕ್ಕ ಹಾಕುತ್ತಿದ್ದಳು.

ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿ ದರ್ಶನ ಮಾಡಿ ಹೊಳೆಯ ಹತ್ತಿರ ಹೋದೆವು. ಊರಿನ ಹೆಸರಿನಲ್ಲೇ ಹೊಳೆ ಇದೆ. ಆ ಹೊಳೆಯೇ ಹೇಮಾವತಿ. ಬಲ್ಲಾಳರಾಯನದುರ್ಗದ ಕಡೆ ಘಟ್ಟದಲ್ಲಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರಿನಲ್ಲಿ ಅಣೆಕಟ್ಟಿಗೆ ಸಿಕ್ಕಿ, ಮಿಕ್ಕಿದ್ದು ಇಲ್ಲಿಗೆ ಬಂದು, ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಸೊಸೆ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ, ಮೊಸರನ್ನವನ್ನು ಒಂದು ಹೊಂಗೆ ಮರದ ನೆರಳಲ್ಲಿ ಊಟ ಮಾಡಿದೆವು. ಡ್ರೈವರ್ ಹುಡುಗನನ್ನೂ ಜೊತೆಗೇ ಕೂರಿಸಿಕೊಂಡೆವು. ಅವನ ಅಜ್ಜಿಗೂ ಮಂಡಿನೋವಂತೆ. ಹರಳೆಣ್ಣೆ ಕಾಯಿಸಿ ಹಚ್ಚಲು ಹೇಳಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ತಲುಪಿದಾಗ ಎರಡೂವರೆ. ಅಲ್ಲಿ ಹರಿಯುವುದು ಕಾವೇರಿ. ರಾಮೇಶ್ವರ ದೇವಸ್ಥಾನದ ಬಳಿ ಹೊಳೆಯಲ್ಲಿ ವಹ್ನಿಪುಷ್ಕರಿಣಿ ಎಂಬ ಮಡು. ಅದರ ತುಂಬ ಮೀನು. ದೇವರ ಮೀನೆಂದು ಇವುಗಳನ್ನು ಯಾರೂ ಹಿಡಿಯುವುದಿಲ್ಲ. ಕಡಲೆಪುರಿ ಎರಚಿದರೆ ಸಾಕು, ನೀರು ಕುದಿಯುವ ಹಾಗೆ ಮೇಲೆ ಬರುತ್ತವೆ. ಕೆಲವು ಪುಟ್ಟನ ತೋಳಿಗಿಂತ ಉದ್ದ.

"ಅಜ್ಜಿ, ಇವು ನಿನ್ನೂರಿಂದ ಬಂದಿರಬಹುದಾ?"

"ಇಲ್ಲ ಕಂದ, ನಮ್ಮೂರಿಂದು ಹೇಮಾವತಿ ಮೀನು. ಇವು ಕಾವೇರಿಯವು. ಎರಡು ಹೊಳೆ ಸೇರೋದು ಇನ್ನೂ ಮುಂದೆ."

ಪುಟ್ಟ ಅಲ್ಲಿಂದ ಏಳಲು ತಯಾರಿಲ್ಲ. ಒಂದು ಪೊಟ್ಟಣ ಮುಗಿಯಿತು, ಎರಡು ಮುಗಿಯಿತು, ಮೂರನೆಯದು ಬೇಕೆಂದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅಕ್ಟೋಬರ್ ತಿಂಗಳಲ್ಲಿ ಆರು ಗಂಟೆ ದಾಟಿದರೆ ಬೆಳಕು ಇರುವುದಿಲ್ಲ. ಮಗುವಿನ ಸಂತೋಷ ಕೆಡಿಸುವುದು ಹೇಗೆ ಎಂದು ನಾನು ಬಾಯಿ ಬಿಡಲಿಲ್ಲ. ಮನಸ್ಸಿನಲ್ಲಿ ಮಾತ್ರ, ಇವತ್ತೂ ತಪ್ಪಿಹೋಯಿತು ಎನ್ನಿಸತೊಡಗಿತ್ತು. ಆಗ ಮೊಮ್ಮಗಳೇ ತಮ್ಮನ ಕೈ ಹಿಡಿದು ಎಬ್ಬಿಸಿದಳು. "ಏಳೋ ಸಾಕು, ಅಜ್ಜಿ ಊರು ಇನ್ನೂ ಬಾಕಿ ಇದೆ."

ಕಾರು ಹೊರಟಿತು. ಅರಕಲಗೂಡು ಪೇಟೆಯಲ್ಲಿ ಒಂದು ಕಾಫಿಗೂ ನಿಲ್ಲಿಸಲಿಲ್ಲ.

ಗೊರೂರು ಎಂದ ಕೂಡಲೆ ಅಜ್ಜ ಅಜ್ಜಿಯರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ನೆನಪಾಗದೆ ಇರದು. ಈ ಹೊಳೆದಂಡೆಯ ಜನರನ್ನು ಅವರು ನಗುನಗುತ್ತಾ ಬರೆದರು. 'ಅಮೆರಿಕಾದಲ್ಲಿ ಗೊರೂರು' ಎಂಬ ಅವರ ಪ್ರವಾಸದ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಅಷ್ಟು ದೂರ ಹೋದರೂ ಹೆಸರಿನಲ್ಲಿ ತಮ್ಮ ಊರನ್ನು ಇಟ್ಟುಕೊಂಡೇ ಹೋದರು.

ಅಣೆಕಟ್ಟನ್ನು ದೂರದಿಂದಲೇ ನೋಡಿದೆವು. ಉದ್ದ 4,692 ಮೀಟರ್, ಅಂದರೆ ನಾಲ್ಕೂವರೆ ಕಿ.ಮೀ.ಗೂ ಹೆಚ್ಚು. ತುಂಬಿದಾಗ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂದು ಮಗ ಮಕ್ಕಳಿಗೆ ವಿವರಿಸಿದ. ಮುಳುಗಿದ ಊರಿನವರಿಗೆ ಬೇರೆ ಕಡೆ ನಿವೇಶನ, ಜಮೀನು ಕೊಟ್ಟರು. ನಮ್ಮ ಅಪ್ಪ ಮನೆಯ ತೊಲೆ, ಕಂಬ, ಹೆಂಚು, ಬಾಗಿಲುವಾಡ ಎಲ್ಲವನ್ನೂ ಬಿಚ್ಚಿ ಗಾಡಿಗೆ ಏರಿಸಿದರು. ನೆಲದಲ್ಲಿ ಹೂತಿದ್ದ ಒರಳುಕಲ್ಲು ಮಾತ್ರ ಬರಲಿಲ್ಲ. ಎರಡು ಜೊತೆ ಎತ್ತಿನ ಗಾಡಿ ತುಂಬಿದ ಮೇಲೆ ಅದಕ್ಕೆ ಜಾಗವೂ ಇರಲಿಲ್ಲ. ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಬಂದಳು ಎಂದು ಆಮೇಲೆ ತಿಳಿಯಿತು.

ಐದೂಕಾಲಕ್ಕೆ ಶೆಟ್ಟಿಹಳ್ಳಿ. ಮೋಡ ಸರಿದು ಬಿಸಿಲು ಓರೆಯಾಗಿ ಬಿದ್ದಿತ್ತು. ನೀರಿನ ನಡುವೆ ಚರ್ಚು.

ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು ಅದು. ಎತ್ತರದ ಚೂಪು ಕಮಾನುಗಳು, ಇಟ್ಟಿಗೆ, ಗಾರೆ. ಪ್ರತಿ ಮಳೆಗಾಲದಲ್ಲೂ ನೀರಲ್ಲಿ ನಿಲ್ಲುತ್ತದೆ, ಪ್ರತಿ ಬೇಸಿಗೆಯಲ್ಲೂ ಒಣಗುತ್ತದೆ. ಹಾಗಾಗಿ ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ನೀವು ಹೋದರೆ ದಡದಿಂದಲೇ ನೋಡಿ ಮಕ್ಕಳೇ, ಬೇಸಿಗೆಯಲ್ಲೂ ಗೋಡೆ ಹತ್ತಬೇಡಿ.

ನಾನು ಚಿಕ್ಕವಳಿದ್ದಾಗ ಸಂಜೆ ಅಲ್ಲಿನ ಗಂಟೆ ಗಾಳಿ ಬಂದ ಕಡೆಗೆ ನಮ್ಮೂರಿಗೂ ಕೇಳುತ್ತಿತ್ತು. ಗಂಟೆ ಕೇಳಿದರೆ ದನ ಹಟ್ಟಿಗೆ ಬರುವ ಹೊತ್ತು ಎಂದು ಅರ್ಥ. ಕ್ರಿಸ್‌ಮಸ್‌ಗೆ ಗೋದಲಿ ನೋಡಲು ನಾವು ಹುಡುಗಿಯರೆಲ್ಲ ಬದುವಿನ ಮೇಲೆ ಸಾಲಾಗಿ ನಡೆದು ಹೋಗುತ್ತಿದ್ದೆವು. ಬರುವಾಗ ಕೈಯಲ್ಲಿ ಒಂದೊಂದು ಕಜ್ಜಾಯ.

ಮಗನ ತೋಳು ಹಿಡಿದು ದಡದ ಇಳಿಜಾರು ಇಳಿದೆ. ಮಂಡಿ ಮಾತು ಕೇಳಿತು, ಬೆಳಗ್ಗೆಯಿಂದ ಉಳಿಸಿದ್ದ ಶಕ್ತಿ ಅದಕ್ಕೇ ಇತ್ತು. ಚರ್ಚಿನ ಗುರುತು ಹಿಡಿದು ಕೈ ನೀಡಿ ತೋರಿಸಿದೆ. "ಅಗೋ, ಆ ಕಡೆ. ಅಲ್ಲಿ ನಮ್ಮ ಆಲದಮರ, ಅದರಾಚೆ ಬಾವಿ, ಬಾವಿ ಪಕ್ಕ ನಮ್ಮನೆ." ಮಕ್ಕಳಿಗೆ ಕಂಡದ್ದು ಬರೀ ನೀರು. ಆದರೂ ಇಬ್ಬರೂ ನನ್ನ ಬೆರಳಿನ ಕಡೆ ಬಹಳ ಹೊತ್ತು ನೋಡಿದರು.

"ಒರಳುಕಲ್ಲು ಈಗ್ಲೂ ಅಲ್ಲೇ ಇದ್ಯಾ?" ಕೇಳಿದ ಪುಟ್ಟ.

"ಇರಬೇಕು."

"ಹಂಗಾದ್ರೆ ಮೀನುಗಳು ಚಟ್ನಿ ರುಬ್ಕೊತಾ ಇರ್ತಾವೆ."

ಅಳು ಬರುತ್ತದೆ ಎಂದುಕೊಂಡು ಹೋಗಿದ್ದವಳು ನಾನು. ನಗು ಬಂತು. ಮಗ, ಸೊಸೆ, ಮೇಲೆ ನಿಂತಿದ್ದ ಡ್ರೈವರ್ ಹುಡುಗ ಎಲ್ಲರೂ ನಕ್ಕರು. ನಗುತ್ತಲೇ ಕಣ್ಣೂ ಒದ್ದೆಯಾಯಿತು.

ಮೊಮ್ಮಗಳು ಮಾತ್ರ ನಗಲಿಲ್ಲ. ಬೆಳಗ್ಗೆಯಿಂದ ಹಾಕುತ್ತಿದ್ದ ಲೆಕ್ಕ ಈಗ ಅವಳಿಗೆ ಸರಿಹೋಗಿತ್ತು. "ಅಜ್ಜಿ, ನಾವು ದಿನಾ ಕುಡಿಯೋದು ಈ ನೀರೇ ಅಲ್ವಾ? ನಿಮ್ಮನೆ ಮೇಲೆ ಇರೋ ನೀರು?"

ಇಷ್ಟು ವರ್ಷ ಈ ನೀರು ನನ್ನ ಮಟ್ಟಿಗೆ ಊರು ನುಂಗಿದ ನೀರಾಗಿತ್ತು. ಅದು ನನ್ನ ಮೊಮ್ಮಕ್ಕಳ ಲೋಟದಲ್ಲೂ ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಊರು ಹೋದ ದುಃಖ ಅದರಿಂದ ಕಡಿಮೆಯಾಗಲಿಲ್ಲ, ಆಗುವುದೂ ಇಲ್ಲ. ಆದರೆ ಆ ದುಃಖದ ಪಕ್ಕದಲ್ಲಿ ಕೂರಲು ಇನ್ನೊಂದು ಮಾತು ಸಿಕ್ಕಿತು.

"ಹೂಂ ಕಣೆ, ಇದೇ ನೀರು" ಅಂದೆ.

ಅವಳು ಬಗ್ಗಿ ಒಂದು ಬೊಗಸೆ ನೀರೆತ್ತಿ ನನ್ನ ಕೈಗೆ ಹಾಕಿದಳು. ಅದನ್ನು ನಾನು ಕಣ್ಣಿಗೊತ್ತಿಕೊಂಡು ಹೊಳೆಗೇ ಬಿಟ್ಟೆ.

ಆ ದಿನ ಕಾರು ಓಡಿದ್ದು ಇನ್ನೂರು ಕಿ.ಮೀ. ಹತ್ತಿರ. ಕೊಟ್ಟದ್ದು 250 ಕಿ.ಮೀ. ಲೆಕ್ಕ. ದುಡ್ಡು ದಂಡವಾಯಿತು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ತುಮಕೂರಿಗೆ ಹೋದ ಮೇಲೆ ಮೊಮ್ಮಗಳು ಶಾಲೆಯ ಪುಸ್ತಕದಲ್ಲಿ ಜಿಲ್ಲೆಯ ನಕ್ಷೆ ಬರೆದು, ಜಲಾಶಯಕ್ಕೆ ನೀಲಿ ಬಣ್ಣ ತುಂಬಿ, ನಡುವೆ ಒಂದು ಚುಕ್ಕೆ ಇಟ್ಟು ನನ್ನ ಊರಿನ ಹೆಸರು ಬರೆದಿದ್ದಾಳಂತೆ. ಅಚ್ಚಾದ ಯಾವ ನಕ್ಷೆಯಲ್ಲೂ ಆ ಹೆಸರು ಈಗಿಲ್ಲ.

ಮಕ್ಕಳೇ, ಮುಂದಿನ ರಜೆಗೆ ಎಲ್ಲಿಗೆ ಹೋಗೋಣ ಎಂದು ಮನೆಯಲ್ಲಿ ಮಾತು ಬಂದಾಗ ನಿಮ್ಮ ಅಜ್ಜ ಅಜ್ಜಿಯನ್ನೂ ಒಮ್ಮೆ ಕೇಳಿ. "ಎಲ್ಲಾದರೂ ಸರಿ" ಎನ್ನುತ್ತಾರೆ. ಇನ್ನೊಂದು ಸಲ ಕೇಳಿ.